ಅಗೆಯದೆ ಹುಡುಕುವ ಆಟಕ್ಕೆ ‘ನಿಧಿ ಬೇಟೆ’ ಎಂಬ ಹೆಸರು ಬೇಡ

ಮಾನ್ಯ ಸಂಪಾದಕರೇ,

ಜಿಪಿಎಸ್ ಹಿಡಿದು ಡಬ್ಬಿ ಹುಡುಕುವ ಜಿಯೋಕ್ಯಾಶಿಂಗ್ ಆಟದ ಬಗ್ಗೆ ಕನ್ನಡದಲ್ಲಿ ಬರೆಯುವಾಗ ‘ನಿಧಿ ಬೇಟೆ’, ‘ಆಧುನಿಕ ನಿಧಿ ಶೋಧ’ ಎಂಬ ತಲೆಬರಹ ಸಲೀಸಾಗಿ ಬಂದುಬಿಡುತ್ತದೆ. ಆದರೆ ನಮ್ಮ ನಾಡಿನಲ್ಲಿ ನಿಧಿ ಎಂದ ಕೂಡಲೇ ಕಣ್ಣ ಮುಂದೆ ಬರುವುದು ಹಾರೆ, ಗುದ್ದಲಿ, ಅಮಾವಾಸ್ಯೆಯ ರಾತ್ರಿ, ಪಾಳು ಗುಡಿಯಲ್ಲಿ ತೋಡಿದ ಗುಂಡಿ, ಬುಡಮೇಲಾದ ವೀರಗಲ್ಲು. ಜಿಯೋಕ್ಯಾಶಿಂಗ್‌ನ ಮೊದಲ ಪಾಠವೇ ನೆಲ ಅಗೆಯಬಾರದು ಎಂಬುದು. ಜೊತೆಗೆ ‘ಕ್ಯಾಶ್’ ಎಂಬ ಶಬ್ದ ಕೇಳಿದವರು ಅದನ್ನು ಹಣವೆಂದೇ ತಿಳಿಯುತ್ತಾರೆ. ಇಲ್ಲಿ ಅದರ ಅರ್ಥ ಬಚ್ಚಿಟ್ಟ ಡಬ್ಬಿ ಎಂದಷ್ಟೇ. ಡಬ್ಬಿಯೊಳಗೆ ಇರುವುದು ಬಂದವರು ಹೆಸರು, ತಾರೀಖು ಬರೆಯುವ ಕಾಗದದ ಪಟ್ಟಿ. ಹೆಚ್ಚೆಂದರೆ ಮಕ್ಕಳು ಅದಲು ಬದಲು ಮಾಡಿಕೊಳ್ಳುವ ಒಂದೆರಡು ಆಟಿಕೆ.

ಹೆಸರಿನ ಈ ಗೊಂದಲ ತೀರಾ ತೊಡಕಾಗುವುದು ಹಳೆಯ ವೆಸ್ಟರ್ನ್ (ಕೌಬಾಯ್) ಚಿತ್ರಗಳನ್ನು ಆಧರಿಸಿ ಒಗಟು ಕಟ್ಟುವಾಗ. ಚಿತ್ರ ನೋಡಿ, ಅದರಿಂದ ಅಂಕಿ ಹೆಕ್ಕಿ, ಅಂಕಿಯಿಂದ ಅಕ್ಷಾಂಶ ರೇಖಾಂಶ ಪಡೆದು ಡಬ್ಬಿಯ ಜಾಗ ತಲುಪುವ ಬಗೆಯ ಒಗಟು ಇದು. ಆಟದ ನಕ್ಷೆಯಲ್ಲಿ ನೀಲಿ ಪ್ರಶ್ನಾರ್ಥಕ ಚಿಹ್ನೆ ಇರುವ ‘ಮಿಸ್ಟರಿ’ ವರ್ಗಕ್ಕೆ ಸೇರುತ್ತದೆ. ಇದಕ್ಕೆ ನಿರ್ದೇಶಕ ಸೆರ್ಗಿಯೊ ಲಿಯೋನೆಯ 1966ರ ‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ’ಗಿಂತ ಹೊಂದುವ ಚಿತ್ರ ಇನ್ನೊಂದಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಚಿತ್ರದ ಕಥೆಯೇ ಎರಡು ತುಂಡಾದ ಒಂದು ವಿಳಾಸ. 2 ಲಕ್ಷ ಡಾಲರ್ ಬಂಗಾರ ಯಾವ ಸ್ಮಶಾನದಲ್ಲಿದೆ ಎಂಬುದು ಒಬ್ಬನಿಗೆ ಗೊತ್ತು, ಆ ಸ್ಮಶಾನದಲ್ಲಿ ಯಾವ ಗೋರಿ ಎಂಬುದು ಇನ್ನೊಬ್ಬನಿಗೆ ಗೊತ್ತು. ಅಕ್ಷಾಂಶ ಒಬ್ಬನ ಬಳಿ, ರೇಖಾಂಶ ಮತ್ತೊಬ್ಬನ ಬಳಿ ಇದ್ದ ಹಾಗೆ. ತೊಡಕು ಏನೆಂದರೆ ಕೊನೆಯಲ್ಲಿ ಅವರು ಗುದ್ದಲಿ ಹಿಡಿದು ಗೋರಿ ಅಗೆಯುತ್ತಾರೆ.

ಆ ಸ್ಮಶಾನ ಇಂದಿಗೂ ಇದೆ. ಚಿತ್ರದ ಕಥೆ ಅಮೆರಿಕದ ಅಂತರ್ಯುದ್ಧದ ಕಾಲದ್ದಾದರೂ ಸ್ಯಾಡ್ ಹಿಲ್ ಎಂಬ ಈ ಸ್ಮಶಾನ ಇರುವುದು ಸ್ಪೇನ್‌ನ ಬುರ್ಗೋಸ್ ಪ್ರಾಂತದಲ್ಲಿ, ಸಾಂತೊ ದೊಮಿಂಗೊ ದೆ ಸಿಲೋಸ್ ಮತ್ತು ಕಾಂತ್ರೆರಾಸ್ ಎಂಬ ಊರುಗಳ ನಡುವಣ ಬಯಲಿನಲ್ಲಿ. ಸ್ಪೇನ್ ಸೈನ್ಯದ ಯೋಧರು ಚಿತ್ರೀಕರಣಕ್ಕಾಗಿ ಸುಮಾರು 5,000 ಗೋರಿಗಳನ್ನು ಗುಡ್ಡೆ ಹಾಕಿ, ನಡುವೆ ದುಂಡಗಿನ ಕಲ್ಲುಹಾಸು ಮಾಡಿದ್ದರು. ಯಾರನ್ನೂ ಅಲ್ಲಿ ಹೂತಿಲ್ಲ. ಚಿತ್ರತಂಡ ಹೋದ ಮೇಲೆ ಹುಲ್ಲು ಮಣ್ಣು ಮುಚ್ಚಿ ಕಲ್ಲುಹಾಸು ಕಣ್ಮರೆಯಾಗಿತ್ತು. 2015ರಿಂದ ಆ ಭಾಗದ ಅಭಿಮಾನಿಗಳು ಸಂಘ ಕಟ್ಟಿಕೊಂಡು, ಬೇರೆ ದೇಶಗಳಿಂದ ಬಂದ ಸ್ವಯಂಸೇವಕರ ಜೊತೆ ಸೇರಿ ಮಣ್ಣು ಕೆರೆದು ಕಲ್ಲುಹಾಸನ್ನು ಹೊರತೆಗೆದರು, ಗೋರಿಗಳನ್ನು ಮತ್ತೆ ಏರಿಸಿದರು, ಮರದ ಶಿಲುಬೆ ನೆಟ್ಟರು. 15 ಯೂರೊ ಕೊಟ್ಟವರ ಹೆಸರನ್ನು ಒಂದು ಶಿಲುಬೆಯ ಮೇಲೆ ಬರೆದು ಹಣ ಕೂಡಿಸಿದರು. ಅಲ್ಲಿ ಒಬ್ಬ ಆಟಗಾರ ಚಿತ್ರದ ಗುಂಗಿನಲ್ಲಿ ಒಂದು ಗುಡ್ಡೆ ಕೆದಕಿದರೂ ಆ ಜನರ ಬೆವರನ್ನು ಮಣ್ಣುಪಾಲು ಮಾಡಿದಂತೆ. ಹಾಗಾಗಿ ಈ ಚಿತ್ರದ ಮೇಲೆ ಒಗಟು ಕಟ್ಟುವವರು ಮೊದಲ ಸಾಲಿನಲ್ಲಿಯೇ, ದಪ್ಪ ಅಕ್ಷರದಲ್ಲಿ ಬರೆಯಬೇಕು: ಡಬ್ಬಿ ಸ್ಮಶಾನದೊಳಗೆ ಇಲ್ಲ, ನೆಲದೊಳಗೂ ಇಲ್ಲ.

ಆಟದ ಆರಂಭದಲ್ಲಿ ಈ ಎಚ್ಚರ ಇರಲಿಲ್ಲ ಎಂಬುದನ್ನೂ ಒಪ್ಪಬೇಕು. 2000ದ ಮೇ ತಿಂಗಳ ಮೊದಲ ವಾರ ಅಮೆರಿಕ ಸರ್ಕಾರ ನಾಗರಿಕರ ಜಿಪಿಎಸ್‌ನಲ್ಲಿ ಬೇಕೆಂದೇ ಇಟ್ಟಿದ್ದ ತಪ್ಪನ್ನು ತೆಗೆದುಹಾಕಿತು. ಮರುದಿನವೇ, ಮೇ 3ರಂದು, ಆರೆಗಾನ್ ರಾಜ್ಯದಲ್ಲಿ ಡೇವ್ ಅಲ್ಮರ್ ಎಂಬುವರು ಒಂದು ಬಕೆಟ್ಟನ್ನು ಅರ್ಧ ಹೂತಿಟ್ಟು ಅದರ ಸ್ಥಾನವನ್ನು ಅಂತರ್ಜಾಲದಲ್ಲಿ ಪ್ರಕಟಿಸಿದರು. ಅದರಲ್ಲಿ ಹುರುಳಿಕಾಯಿ ಬೀಜದ ಒಂದು ಟಿನ್ ಕೂಡ ಇತ್ತು. ಇಂದಿನ ನಿಯಮದಲ್ಲಿ ಎರಡೂ ನಡೆಯುವುದಿಲ್ಲ. ಜಮೀನಿನವರ ಸ್ಪಷ್ಟ ಒಪ್ಪಿಗೆ ಇಲ್ಲದೆ ಗುಂಡಿ ತೋಡುವಂತಿಲ್ಲ, ತಿನ್ನುವ ಪದಾರ್ಥ ಇಡುವಂತಿಲ್ಲ. ವಾಸನೆ ಹಿಡಿದು ಬರುವ ಪ್ರಾಣಿ ಡಬ್ಬಿಯನ್ನು ಕಚ್ಚಿ ಒಡೆದುಹಾಕುತ್ತದೆ.

ಇನ್ನು ಒಗಟು ಕಟ್ಟುವ ವಿಚಾರ. ಸಿನಿಮಾ ಒಗಟುಗಳಲ್ಲಿ ನೂರಕ್ಕೆ ನೂರು ಕೈಕೊಡುವ ಪ್ರಶ್ನೆ ಎಂದರೆ ‘ಇಷ್ಟನೇ ನಿಮಿಷದಲ್ಲಿ ತೆರೆಯ ಮೇಲೆ ಏನಿದೆ’ ಎಂಬುದು. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟಿನ (ಫ್ರೇಮ್) ವೇಗದಲ್ಲಿ. ಯುರೋಪಿನ ಹಳೆಯ ಡಿವಿಡಿ ಮತ್ತು ಟಿವಿ ಪ್ರಸಾರ ಪಾಲ್ ಪದ್ಧತಿಯವು, ಅಲ್ಲಿ ಅದೇ ಚಿತ್ರ ಸೆಕೆಂಡಿಗೆ 25 ಚೌಕಟ್ಟಿನಂತೆ ಓಡುತ್ತದೆ. ಅಂದರೆ ಒಂದು ಪ್ರತಿಯಲ್ಲಿ ಸರಿಯಾಗಿ 60ನೇ ನಿಮಿಷಕ್ಕೆ ಬರುವ ದೃಶ್ಯ ಇನ್ನೊಂದರಲ್ಲಿ 57 ನಿಮಿಷ 36 ಸೆಕೆಂಡಿಗೇ ಬಂದಿರುತ್ತದೆ. ಇದರ ಮೇಲೆ ಈ ಚಿತ್ರಕ್ಕೆ ಆವೃತ್ತಿಗಳು ಹಲವು. ಇಟಲಿಯಲ್ಲಿ ತೆರೆಕಂಡದ್ದು ಮೂರು ಗಂಟೆಗೆ ಹತ್ತಿರ. ಅಮೆರಿಕದಲ್ಲಿ ಕತ್ತರಿಸಿ 161 ನಿಮಿಷಕ್ಕೆ ಇಳಿಸಿದರು. 2003ರಲ್ಲಿ ಬಿಟ್ಟುಹೋದ ದೃಶ್ಯಗಳನ್ನು ಸೇರಿಸಿ, ಕ್ಲಿಂಟ್ ಈಸ್ಟ್‌ವುಡ್ ಮತ್ತು ಈಲೈ ವಾಲಕ್ ಅವರಿಂದ ಹೊಸದಾಗಿ ಇಂಗ್ಲಿಷ್ ಮಾತು ಹೇಳಿಸಿ ಉದ್ದನೆಯ ಪ್ರತಿ ಹೊರತಂದರು. ಲೀ ವಾನ್ ಕ್ಲೀಫ್ ಅಷ್ಟರಲ್ಲಿ ತೀರಿಹೋಗಿದ್ದರಿಂದ ಅವರ ಪಾತ್ರಕ್ಕೆ ಬೇರೊಬ್ಬರ ದನಿ. ಹೀಗಿರುವಾಗ ನಿಮಿಷ ನಂಬಿ ಕೇಳಿದ ಪ್ರಶ್ನೆಗೆ ನಾಲ್ವರು ನೋಡುಗರಿಂದ ನಾಲ್ಕು ಉತ್ತರ ಬರುತ್ತದೆ, ನಾಲ್ಕೂ ಪ್ರಾಮಾಣಿಕವೇ. ದೃಶ್ಯವನ್ನು ಗುರುತಿಸಬೇಕಾದ್ದು ಘಟನೆಯಿಂದ: ‘ಸೇತುವೆ ಸಿಡಿದ ಮೇಲೆ’, ‘ಮೂವರೂ ಕಲ್ಲುಹಾಸಿಗೆ ಇಳಿದಾಗ’ ಎಂಬಂತೆ. ಪ್ರಶ್ನೆಗಳು ಎಲ್ಲ ಆವೃತ್ತಿಯಲ್ಲೂ ಇರುವ ದೃಶ್ಯಗಳಿಂದಲೇ ಬರಬೇಕು.

ಎರಡನೆಯ ತಪ್ಪು ಸಂಭಾಷಣೆಯಿಂದ ಅಂಕಿ ತೆಗೆಯುವುದು. ಈಲೈ ವಾಲಕ್ ಮಾಡಿದ ‘ಕುರೂಪಿ’ ಟೂಕೊನ ತಲೆಗೆ ಮೊದಲು 2,000, ಆಮೇಲೆ 3,000 ಡಾಲರ್ ಇನಾಮು. ಅವನನ್ನು ಮರುಭೂಮಿಯಲ್ಲಿ ಬಿಟ್ಟು ಹೋಗುವಾಗ ಊರು 70 ಮೈಲಿ ದೂರ ಎಂಬ ಮಾತು. ಇವೆಲ್ಲ ಇಂಗ್ಲಿಷ್ ಚಿತ್ರಕಥೆಯ ಪಠ್ಯದಲ್ಲಿ ಎರಡು ನಿಮಿಷದಲ್ಲಿ ಸಿಗುತ್ತವೆ, ಚಿತ್ರ ನೋಡುವ ಅಗತ್ಯವೇ ಬೀಳುವುದಿಲ್ಲ. ಬೇರೆ ಭಾಷೆಗೆ ಡಬ್ ಮಾಡುವಾಗ ಮೈಲಿ, ಡಾಲರ್‌ಗಳ ಲೆಕ್ಕ ಹಾಗೆಯೇ ಉಳಿಯುತ್ತದೆ ಎಂಬ ಭರವಸೆಯೂ ಇಲ್ಲ. ಈ ಚಿತ್ರದ ದೊಡ್ಡ ಅನುಕೂಲವೆಂದರೆ ಮಾತಿಲ್ಲದ ಭಾಗಗಳು ಧಾರಾಳವಾಗಿರುವುದು. ಮೊದಲ ಮಾತು ಕೇಳಿಸುವುದೇ 10 ನಿಮಿಷ ಕಳೆದ ಮೇಲೆ. ಕೊನೆಯ ಮೂವರ ಮುಖಾಮುಖಿಯಲ್ಲಿ ಕಣ್ಣು, ಕೈ, ಪಿಸ್ತೂಲು ಬಿಟ್ಟರೆ ಏನೂ ಇಲ್ಲ. ಪ್ರಶ್ನೆಗಳನ್ನು ಅಲ್ಲಿಂದ ಎತ್ತಿ. ಪಠ್ಯ ಹುಡುಕಿದವನಿಗೆ ಸಿಗುವುದಿಲ್ಲ, ನೋಡಿದವನಿಗೆ ತಪ್ಪುವುದಿಲ್ಲ.

ಚಿತ್ರ ಇನ್ನೂ ನೋಡಿಲ್ಲದ ಓದುಗರು ದಯವಿಟ್ಟು ಮುಂದಿನ ಎರಡು ಪ್ಯಾರಾ ಬಿಟ್ಟು ಓದಬೇಕು, ಕೊನೆಯ ಗುಟ್ಟು ಅಲ್ಲಿದೆ.

ಮಾದರಿಗೆ ಮೂರು ಪ್ರಶ್ನೆ. ಒಂದು, ಇಂಗ್ಲಿಷ್ ಹೆಸರಿನ ಅನುಕ್ರಮದಂತೆ ಒಳ್ಳೆಯವನಿಗೆ 1, ಕೆಟ್ಟವನಿಗೆ 2, ಕುರೂಪಿಗೆ 3 ಕೊಟ್ಟರೆ, ಚಿತ್ರದ ಆರಂಭದಲ್ಲಿ ಯಾರ ಮೇಲೆ ಮೊದಲು ಚಿತ್ರ ಸ್ತಬ್ಧವಾಗಿ ಬಿರುದು ಮೂಡುತ್ತದೆ? ನೋಡದವನು 1 ಎಂದೇ ಬರೆಯುತ್ತಾನೆ. ಸರಿಯುತ್ತರ 3, ಏಕೆಂದರೆ ಕಿಟಕಿ ಒಡೆದುಕೊಂಡು ಹಾರುವ ಟೂಕೊ ಮೊದಲು ಬರುತ್ತಾನೆ. ‘ಇಂಗ್ಲಿಷ್ ಹೆಸರಿನ’ ಎಂಬ ಮಾತು ಬಿಟ್ಟರೆ ಕೆಟ್ಟಿತು: ಇಟಾಲಿಯನ್ ಶೀರ್ಷಿಕೆಯಲ್ಲಿ ಕುರೂಪಿ ಎರಡನೆಯವನು, ಕೆಟ್ಟವನು ಮೂರನೆಯವನು. ಎರಡು, ಈಸ್ಟ್‌ವುಡ್‌ನ ಪಾತ್ರ ಗೋರಿಯ ಹೆಸರು ಬರೆದೆನೆಂದು ಹೇಳಿ ಕಲ್ಲುಹಾಸಿನ ನಡುವೆ ಇಡುವ ಕಲ್ಲಿನ ತಳದಲ್ಲಿ ಎಷ್ಟು ಅಕ್ಷರಗಳಿವೆ? ಇಡೀ ಒಗಟಿನ ತಿರುಳು ಈ ಪ್ರಶ್ನೆ. ಟೂಕೊ ಆ ಕಲ್ಲನ್ನು ಎತ್ತಿ ತಿರುಗಿಸಿ ನೋಡುತ್ತಾನೆ. ಖಾಲಿ. ಉತ್ತರ 0. ಕಥಾಸಾರ ಓದಿಕೊಂಡು ಬಂದವನು ಒಂದು ಹೆಸರನ್ನು ನೆನೆಸಿಕೊಂಡು ಅದರ ಅಕ್ಷರ ಎಣಿಸುತ್ತ ಕೂರುತ್ತಾನೆ. ಮೂರು, ಬಂಗಾರವಿದ್ದ ಗೋರಿಯ ಶಿಲುಬೆಯ ಮೇಲಿನ ಇಂಗ್ಲಿಷ್ ಪದದಲ್ಲಿ ಎಷ್ಟು ಅಕ್ಷರ? ‘ಅನ್‌ನೋನ್’, ಅಂದರೆ ಅಜ್ಞಾತ. ಇಂಗ್ಲಿಷಿನಲ್ಲಿ 7 ಅಕ್ಷರ. ಶಿಲುಬೆಯ ಬರಹ ಚಿತ್ರದೊಳಗೇ ಇರುವುದರಿಂದ ಡಬ್ಬಿಂಗ್ ಅದನ್ನು ಮುಟ್ಟುವುದಿಲ್ಲ.

ಮೂರೂ ಸೇರಿ 307. ಇದನ್ನು ಅಕ್ಷಾಂಶದ ಕೊನೆಯ ಮೂರು ಅಂಕಿಯಾಗಿ ನೇರವಾಗಿ ಬಳಸಲು ಹೋದರೆ ಡಬ್ಬಿ ಎಲ್ಲೋ ಮುಳ್ಳಿನ ಪೊದೆಯಲ್ಲಿ ಬೀಳುತ್ತದೆ. ಲೆಕ್ಕ ಹಿಂದಿನಿಂದ ಬರಬೇಕು. ಮೊದಲು ಒಳ್ಳೆಯ ಜಾಗ ಗೊತ್ತುಮಾಡಿ, ಅಲ್ಲಿನ ಅಂಕಿ .652 ಎಂದಿಟ್ಟುಕೊಳ್ಳಿ, 652ರಿಂದ 307 ಕಳೆಯಿರಿ. ಉಳಿಯುವ 345ನ್ನು ಒಗಟಿನ ಅಂತರ್ಜಾಲ ಪುಟದಲ್ಲಿ ‘ಬಂದ ಸಂಖ್ಯೆಗೆ 345 ಕೂಡಿಸಿ’ ಎಂದು ಕೊಟ್ಟರೆ ಮುಗಿಯಿತು. ಕೂಡುವುದು ಸಾಕು, ಗುಣಿಸಬೇಡಿ. ಗುಣಿಸಿದರೆ ಒಂದು ಸಣ್ಣ ತಪ್ಪು ಎಲ್ಲಿಗೆ ಒಯ್ಯುತ್ತದೆ ಎಂಬ ಹಿಡಿತ ಒಗಟು ಕಟ್ಟಿದವರಿಗೇ ಸಿಗುವುದಿಲ್ಲ.

ಯಾವ ಪ್ರಶ್ನೆ ಯಾವ ಸ್ಥಾನದ ಅಂಕಿಯನ್ನು ಕೊಡಬೇಕು ಎಂಬುದನ್ನೂ ಯೋಚಿಸಬೇಕು. ಆಟದಲ್ಲಿ ಸ್ಥಾನ ಬರೆಯುವುದು ಡಿಗ್ರಿ ಮತ್ತು ದಶಮಾಂಶ ಮಿನಿಟ್‌ಗಳಲ್ಲಿ. ಇಲ್ಲಿ ಮಿನಿಟ್ ಎಂದರೆ ಡಿಗ್ರಿಯ 60ನೇ ಒಂದು ಭಾಗ. ಅದರ ಸಾವಿರದ ಒಂದು ಭಾಗ ಅಕ್ಷಾಂಶದಲ್ಲಿ 1.85 ಮೀಟರ್. ಹತ್ತರ ಸ್ಥಾನದಲ್ಲಿ ಒಂದು ಅಂಕಿ ತಪ್ಪಿದರೆ 18.5 ಮೀಟರ್, ನೂರರ ಸ್ಥಾನದಲ್ಲಾದರೆ 185 ಮೀಟರ್. ಜನ ಹೆಚ್ಚು ತಪ್ಪುವ ಪ್ರಶ್ನೆಯನ್ನು ಬಿಡಿ ಸ್ಥಾನಕ್ಕೆ ಹಾಕಿದರೆ ಆಟಗಾರ ಡಬ್ಬಿಯಿಂದ ಐದು ಹತ್ತು ಮೀಟರ್ ಆಚೆ ನಿಂತು, ಇಲ್ಲೇ ಇರಬೇಕು ಎಂದು ಒಂದು ಗಂಟೆ ಕಲ್ಲು ಮಗುಚುತ್ತಾನೆ. ಗಿಡ ತುಳಿತ, ಕಲ್ಲಿನ ಗೋಡೆ ಕೀಳುವುದು ಎಲ್ಲ ಆಗುವುದು ಹೀಗೆಯೇ. ತಪ್ಪುವ ಪ್ರಶ್ನೆ ನೂರರ ಸ್ಥಾನದಲ್ಲಿದ್ದರೆ ತಪ್ಪು ಉತ್ತರ ಅವನನ್ನು ನೂರಾರು ಮೀಟರ್ ದೂರ ಒಯ್ಯುತ್ತದೆ, ನಕ್ಷೆ ನೋಡಿದರೆ ಸಾಕು, ಎಡವಿದ್ದು ಗೊತ್ತಾಗುತ್ತದೆ. ಜೊತೆಗೆ ಉತ್ತರ ತಾಳೆ ನೋಡುವ ಸೌಲಭ್ಯ ಪುಟದಲ್ಲಿಯೇ ಇದೆ, ಅದನ್ನು ಕಡ್ಡಾಯವಾಗಿ ಹಾಕಬೇಕು. ಉತ್ತರ ಖಾತ್ರಿಯಾಗದೆ ಯಾರೂ ಮನೆ ಬಿಡಬಾರದು.

ಇಷ್ಟು ಅಕ್ಷಾಂಶದ ಕಥೆ. ರೇಖಾಂಶವನ್ನು ನೆಲದ ಮೇಲೆಯೇ ಪಡೆಯುವಂತೆ ಮಾಡಿದರೆ ಚಿತ್ರಕ್ಕೆ ನ್ಯಾಯ ಸಲ್ಲುತ್ತದೆ: ಬರೀ ನೋಡಿದವನಿಗೆ ಸಿಗದು, ಬರೀ ಹೋದವನಿಗೂ ಸಿಗದು. ಇಲ್ಲಿ ಎಲ್ಲರಿಗೂ ಮೊದಲು ಹೊಳೆಯುವುದು ಶಿಲುಬೆ ಎಣಿಸುವುದು ಅಥವಾ ಶಿಲುಬೆಯ ಹೆಸರು ಓದುವುದು. ಎರಡೂ ಬೇಡ. ಮರದ ಶಿಲುಬೆ ಚಳಿಗೆ, ಹಿಮಕ್ಕೆ ಬೀಳುತ್ತದೆ, ಹೊಸದು ನೆಡುತ್ತಾರೆ, ಬಣ್ಣ ಮಾಸುತ್ತದೆ. ಅಲ್ಲದೆ ಅವು ಹಣ ಕೊಟ್ಟ, ಬದುಕಿರುವ ಜನರ ಹೆಸರುಗಳು, ಅವರ ಹೆಸರು ಆಟದ ಸುಳಿವಾಗಬಾರದು. ಬದಲಿಗೆ ಅನುಮತಿ ಪಡೆದು, ಬಯಲಿಗೆ ಬರುವ ದಾರಿಯ ಒಂದು ಕಂಬಕ್ಕೆ ಮೂರು ಅಂಕಿ ಕೆತ್ತಿದ ಬೆರಳಗಲದ ಅಲ್ಯೂಮಿನಿಯಂ ತಗಡನ್ನು ತಂತಿಯಿಂದ ಕಟ್ಟಿ. ಅಂಕಿ ಬರೆಯಬಾರದು, ಕೆತ್ತಬೇಕು. ಮಾರ್ಕರ್ ಶಾಯಿ ಬಿಸಿಲಿಗೆ ಹಾರಿಹೋಗುತ್ತದೆ. ಅಂಟಿನ ಟೇಪು ಒಂದು ಚಳಿಗಾಲವನ್ನೂ ತಡೆಯದು. ಆ ಅಕ್ಷಾಂಶದಲ್ಲಿ ರೇಖಾಂಶದ ಮಿನಿಟ್‌ನ ಸಾವಿರದ ಒಂದು ಭಾಗ ಸುಮಾರು 1.4 ಮೀಟರ್ ಮಾತ್ರ ಎಂಬುದು ನೆನಪಿರಲಿ.

ಮಿಸ್ಟರಿ ವರ್ಗದಲ್ಲಿ ನಕ್ಷೆಯ ಮೇಲೆ ತೋರಿಸುವುದು ನಿಜವಾದ ಜಾಗವಲ್ಲ, 3.2 ಕಿಲೋಮೀಟರ್ ಒಳಗಿನ ಯಾವುದಾದರೂ ಬಿಂದು. ಪುಟ ಓದದೆ ನೇರವಾಗಿ ಆ ಬಿಂದುವಿಗೇ ಹೋಗಿ ಹುಡುಕುವವರು ಇದ್ದೇ ಇರುತ್ತಾರೆ. ನೋಡಲು ಚೆಂದವೆಂದು ಅದನ್ನು ಕಲ್ಲುಹಾಸಿನ ನಡುವೆ ಇಟ್ಟರೆ ಗೋರಿಗಳ ಮೇಲೆ ಓಡಾಡಲು ನಾವೇ ಕರೆದಂತೆ. ಅದನ್ನು ವಾಹನ ನಿಲ್ಲಿಸುವ ಜಾಗಕ್ಕೆ ಇಡಿ. ನಿಜವಾದ ಡಬ್ಬಿಗೆ ಇನ್ನೊಬ್ಬರ ಡಬ್ಬಿಯಿಂದ ಕನಿಷ್ಠ 161 ಮೀಟರ್ ಅಂತರ ಇರಲೇಬೇಕು. ಪ್ರಕಟಿಸುವ ಮೊದಲು ಸ್ವಯಂಸೇವಕ ಪರಿಶೀಲಕರು ಇದನ್ನು ನೋಡುತ್ತಾರೆ. ಸಿನಿಮಾ ಸಿಗುವ ಓಟಿಟಿಯ ಕೊಂಡಿ ಹಾಕಿದರೆ ವಾಣಿಜ್ಯ ಪ್ರಚಾರವೆಂದು ಅವರು ತಿರಸ್ಕರಿಸುತ್ತಾರೆ. ಚಿತ್ರದ ಹೆಸರು, ವರ್ಷ ಹೇಳಿದರೆ ಸಾಕು.

ಡಬ್ಬಿಗೆ ಅಡುಗೆಮನೆಯ ನಾಲ್ಕೂ ಕಡೆ ಚಿಲಕದ, ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬಿ ಉತ್ತಮ. ಅರ್ಧ ಲೀಟರಿನದು ‘ಸ್ಮಾಲ್’ ಅಳತೆಗೆ ಸೇರುತ್ತದೆ. 35 ಎಂಎಂ ಫಿಲ್ಮ್ ರೋಲಿನ ಡಬ್ಬಿ ಸಿನಿಮಾ ಒಗಟಿಗೆ ಒಪ್ಪುತ್ತದೆಂದು ಆಸೆಪಡುವವರು ಬಹಳ, ಆದರೆ ಅದರ ಮುಚ್ಚಳ ನೀರು ತಡೆಯುವುದಿಲ್ಲ. ಎರಡು ಮಳೆ ಕಳೆದ ಮೇಲೆ ತೆರೆದು ನೋಡಿ: ಸುರುಳಿ ಸುತ್ತಿದ ಕಾಗದ ಒದ್ದೆ ಹಪ್ಪಳದಂತೆ ಗೋಡೆಗೆ ಅಂಟಿರುತ್ತದೆ, ಬಿಡಿಸಲು ಹೋದರೆ ಹೆಸರುಗಳ ಸಮೇತ ಹರಿದು ಬರುತ್ತದೆ. ಕಾಗದವನ್ನು ಜಿಪ್ ಚೀಲದೊಳಗೆ ಹಾಕಿ, ಅದರ ಜೊತೆ ತೇವ ಹೀರುವ ಸಿಲಿಕಾ ಜೆಲ್‌ನ ಒಂದು ಪೊಟ್ಟಣ ಇಡಿ. ಪೆನ್ನು ಬೇಡ, ಸಿಲೋಸ್ ಸೀಮೆ ಸಾವಿರ ಮೀಟರ್ ಎತ್ತರದ ಆಸುಪಾಸಿನಲ್ಲಿದೆ, ಚಳಿಗೆ ಶಾಯಿ ಹೆಪ್ಪುಗಟ್ಟುತ್ತದೆ. ಕೆತ್ತಿದ ಪೆನ್ಸಿಲ್ ಸಾಕು. ಡಬ್ಬಿಯ ಹೊರಗೆ ಇದು ಆಟದ ವಸ್ತು ಎಂದು ಸ್ಪ್ಯಾನಿಷ್‌ನಲ್ಲಿಯೂ ಬರೆದಿರಬೇಕು. ಹೆಸರಿಲ್ಲದ ಡಬ್ಬಿ ಕಂಡ ಕುರಿ ಕಾಯುವವರು ಪೊಲೀಸರನ್ನು ಕರೆದರೆ ತಪ್ಪು ಅವರದಲ್ಲ. ಇಡುವುದು ನೆಲದ ಮೇಲೆ, ಬಿದ್ದ ಮರದ ಪೊಟರೆಯಲ್ಲಿ ಅಥವಾ ಬಂಡೆಯ ಸಂದಿನಲ್ಲಿ. ಸ್ಥಾನವನ್ನು ಒಂದೇ ಸಲ ಅಳೆದು ನಂಬಬೇಡಿ. ಬೇರೆ ಬೇರೆ ದಿನ ಮೂರು ಸಲ ಅಳೆದು ಸರಾಸರಿ ತೆಗೆಯಿರಿ.

ಯುರೋಪ್ ಪ್ರವಾಸಕ್ಕೆ ಹೋಗುವ ಕನ್ನಡಿಗರಿಗೆ ಒಂದು ಮಾತು. ಹೋದ ನೆನಪಿಗೆ ಒಂದು ಡಬ್ಬಿ ಇಟ್ಟು ಬರುತ್ತೇವೆ ಎಂದರೆ ಪರಿಶೀಲಕರು ಒಪ್ಪುವುದಿಲ್ಲ. ಇಟ್ಟವರು ಅದನ್ನು ನೋಡಿಕೊಳ್ಳುವಷ್ಟು ಹತ್ತಿರ ಇರಬೇಕು ಅಥವಾ ಅಲ್ಲಿಯವರೊಬ್ಬರು ಜವಾಬ್ದಾರಿ ಹೊರಬೇಕು. ಸ್ಪೇನ್‌ನಲ್ಲಿ ನೆಲೆಸಿದವರು ಇಡಬಹುದು, ಉಳಿದವರು ಹುಡುಕಿ ಸಹಿ ಹಾಕಿ ಬರಬಹುದು.

ನಮ್ಮ ರಾಮನಗರ ಇದಕ್ಕೆ ತಕ್ಕ ಜಾಗ ಎಂದು ಅನೇಕರಿಗೆ ಅನ್ನಿಸುತ್ತದೆ, ಅದು ಸಹಜ. ವೆಸ್ಟರ್ನ್ ಚಿತ್ರಗಳ ನೆರಳಿನಲ್ಲಿಯೇ ಬೆಳೆದ ‘ಶೋಲೆ’ಯ ಚಿತ್ರೀಕರಣ 1973ರ ಅಕ್ಟೋಬರ್‌ನಲ್ಲಿ ಶುರುವಾದದ್ದು ಆ ಬಂಡೆಗಳ ನಡುವೆ. ಒಗಟಿಗೆ ಅದರಲ್ಲೂ ಆವೃತ್ತಿಯ ತೊಡಕಿದೆ. 1975ರಲ್ಲಿ ಬಿಡುಗಡೆಯಾದ ಪ್ರತಿಯಲ್ಲಿ ಸೆನ್ಸಾರ್ ಆಕ್ಷೇಪದಿಂದಾಗಿ ಕೊನೆಗೆ ಪೊಲೀಸರು ಬರುತ್ತಾರೆ, ಮೂಲ ಚಿತ್ರಣದಲ್ಲಿ ಠಾಕೂರ್ ಗಬ್ಬರ್‌ನನ್ನು ಕೊಲ್ಲುತ್ತಾನೆ. ಕ್ಲೈಮ್ಯಾಕ್ಸ್ ಮೇಲೆ ಪ್ರಶ್ನೆ ಕೇಳಿದರೆ ಎರಡು ಸರಿಯುತ್ತರ. 50 ಸಾವಿರದ ಇನಾಮು ಸಿನಿಮಾ ನೋಡದವರಿಗೂ ಬಾಯಿಪಾಠ, ಅದನ್ನು ಕೇಳಿ ಪ್ರಯೋಜನವಿಲ್ಲ. ಆದರೆ ಇದಕ್ಕಿಂತ ದೊಡ್ಡ ಮಾತು, ರಾಮದೇವರಬೆಟ್ಟ 2012ರಿಂದ ರಣಹದ್ದುಗಳ ಅಭಯಾರಣ್ಯ. ಅವು ಗೂಡು ಕಟ್ಟುವುದು ಬಂಡೆಯ ಚಾಚುಗಳಲ್ಲಿ, ಅಂದರೆ ಡಬ್ಬಿ ಬಚ್ಚಿಡಲು ಆಟಗಾರನ ಕಣ್ಣು ಹೋಗುವಂಥ ಜಾಗಗಳಲ್ಲಿಯೇ. (ಸಿಲೋಸ್ ಬಳಿಯ ಲಾ ಯೆಕ್ಲಾ ಕಣಿವೆಯಲ್ಲೂ ರಣಹದ್ದುಗಳ ನೆಲೆಯಿದೆ, ಅಲ್ಲಿಗೂ ಇದೇ ಎಚ್ಚರ ಸಲ್ಲುತ್ತದೆ.) ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಬೆಟ್ಟದಲ್ಲಿ ಒಂದು ಪ್ಲಾಸ್ಟಿಕ್ ಚೂರನ್ನೂ ಇಡಬಾರದು. ಚಿತ್ರದ ಪ್ರಶ್ನೆಗಳನ್ನು ಬೆಟ್ಟದಿಂದಲೇ ಎತ್ತಿದರೂ, ಕೊನೆಯ ಡಬ್ಬಿಯನ್ನು ಅಭಯಾರಣ್ಯದ ಹೊರಗೆ, ಊರಿನಲ್ಲಿ, ಒಪ್ಪಿಗೆ ಕೊಟ್ಟ ಅಂಗಡಿಯವರ ಜಗಲಿಯಲ್ಲೋ ಗ್ರಂಥಾಲಯದ ಕಪಾಟಿನಲ್ಲೋ ಇಟ್ಟರೆ ಆಟಕ್ಕೆ ಯಾವ ಕೊರತೆಯೂ ಆಗದು.

ಕೊನೆಗೆ ಪತ್ರಿಕೆಗೆ ನಮ್ಮ ಕೋರಿಕೆ. ಈ ಆಟದ ಸುದ್ದಿ ಬರೆಯುವಾಗ ‘ಡಬ್ಬಿ ಹುಡುಕಾಟ’ ಎನ್ನಿ, ‘ಜಿಪಿಎಸ್ ಹುಡುಕಾಟ’ ಎನ್ನಿ, ಜಿಯೋಕ್ಯಾಶಿಂಗ್ ಎಂದೇ ಬರೆದರೂ ಅಡ್ಡಿಯಿಲ್ಲ. ಗುದ್ದಲಿಯ ಚಿತ್ರ, ಬಂಗಾರದ ಪೆಟ್ಟಿಗೆಯ ಚಿತ್ರ ಹಾಕಬೇಡಿ. ಪೆನ್ಸಿಲ್ ಹಿಡಿದು ಕಾಗದದ ಪಟ್ಟಿಯ ಮೇಲೆ ಹೆಸರು ಬರೆಯುತ್ತಿರುವ ಕೈಯ ಚಿತ್ರ ಹಾಕಿ.

ಇಂತಿ,
ಜಿಯೋಕ್ಯಾಶಿಂಗ್ ಹವ್ಯಾಸಿ ಓದುಗರು,
ಮೈಸೂರು